ಹೈಡ್ರೋಜನ್ ಟ್ಯೂಬಿಗೆ ಸುರತ್ಕಲ್ಲೂ ಒಂದೇ ಮಣಿಪಾಲವೂ ಒಂದೇ: ಕ್ವಾಂಟಂ ಫಿಸಿಕ್ಸಲ್ಲಿ ಸಿಮೆಟ್ರಿಯ ಕೆಲಸ ಎಂತ?

ಸುರತ್ಕಲ್ಲಿನ ಲ್ಯಾಬಲ್ಲಿ ಹೈಡ್ರೋಜನ್ ಡಿಸ್ಚಾರ್ಜ್ ಟ್ಯೂಬ್ ಹೊತ್ತಿಸಿ ಸ್ಪೆಕ್ಟ್ರೋಮೀಟರಲ್ಲಿ ನೋಡಿದ್ರೆ 656.3 ನ್ಯಾನೋಮೀಟರಲ್ಲಿ ಕೆಂಪು ಗೆರೆ ಕಾಣ್ತದೆ, 486.1ರಲ್ಲಿ ನೀಲಿಹಸಿರು, 434.0ರಲ್ಲಿ ನೇರಳೆ. ಅದೇ ಟ್ಯೂಬನ್ನು ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಣಿಪಾಲಕ್ಕೆ ತಗೊಂಡು ಹೋಗಿ ನೋಡಿ, ಅದೇ 656.3. ಇವತ್ತು ನೋಡಿದ್ರೂ ಅದೇ, ಮಳೆಗಾಲ ಕಳೆದು ನೋಡಿದ್ರೂ ಅದೇ. ಟೇಬಲನ್ನು ಕಡಲಿನ ಕಡೆ ತಿರುಗಿಸಿ ಇಟ್ರೂ ಘಟ್ಟದ ಕಡೆ ತಿರುಗಿಸಿ ಇಟ್ರೂ ಗೆರೆ ಇದ್ದಲ್ಲೇ ಇರ್ತದೆ. ಇದ್ರಲ್ಲಿ ಎಂತ ಉಂಟು ಹೇಳ್ಲಿಕ್ಕೆ ಅಂತ ಅನ್ನಿಸ್ಬಹುದು, ನಂಗೂ ಡಿಗ್ರಿ ಮುಗಿಯುವವರೆಗೆ ಹಾಗೇ ಅನ್ನಿಸ್ತಿತ್ತು. ಆದ್ರೆ ಕಳೆದ ನೂರು ವರ್ಷದ ಫಿಸಿಕ್ಸಿನ ದೊಡ್ಡ ಪಾಲು ಈ ಒಂದು ಮಾತಿನಿಂದ ಹೊರಟದ್ದು: ಇಷ್ಟೆಲ್ಲ ಬದಲಿಸಿದ್ರೂ ಪರಮಾಣುವಿಗೆ ಗೊತ್ತಾಗುದಿಲ್ಲ.

ಫಿಸಿಕ್ಸಲ್ಲಿ ಸಿಮೆಟ್ರಿ ಅಂದ್ರೆ ಅಷ್ಟೇ. ನೀವು ಒಂದು ಬದಲಾವಣೆ ಮಾಡ್ತೀರಿ, ಆ ಬದಲಾವಣೆ ಆಯ್ತು ಅಂತ ಯಾವ ಪ್ರಯೋಗ ಮಾಡಿದ್ರೂ ಪತ್ತೆ ಹಚ್ಚಲಿಕ್ಕೆ ಆಗುದಿಲ್ಲ. ಚಂದ, ಎಡಬಲ ಸರಿಸಮ, ಅದೆಲ್ಲ ಆಮೇಲಿನ ಮಾತು. ಪಿಯುಸಿ ಮಕ್ಕಳಿಗೆ ನಾವು ಶಕ್ತಿ ಸಂರಕ್ಷಣೆ, ಮೊಮೆಂಟಮ್ ಸಂರಕ್ಷಣೆ ಅಂತ ಒಂದೊಂದೇ ನಿಯಮ ಆಕಾಶದಿಂದ ಬಿದ್ದ ಹಾಗೆ ಹೇಳಿ ಕೊಡ್ತೇವೆ, ಅದು ಎಲ್ಲಿಂದ ಬಂತು ಅಂತ ಕೇಳಿದ ಮಗುವಿಗೆ ಉತ್ತರ ಕೊಡುದಿಲ್ಲ. ಉತ್ತರ ಉಂಟು. 1918ರಿಂದ ಉಂಟು.

ಕೊಟ್ಟದ್ದು ಎಮ್ಮಿ ನೋತರ್, ಜರ್ಮನಿಯ ಎರ್ಲಾಂಗೆನ್‌ನಲ್ಲಿ 1882ರಲ್ಲಿ ಹುಟ್ಟಿದವರು. 1915ರಲ್ಲಿ ಐನ್‌ಸ್ಟೈನರ ಹೊಸ ಗುರುತ್ವ ಸಿದ್ಧಾಂತ ಬಂದಾಗ ಅದ್ರಲ್ಲಿ ಶಕ್ತಿ ಸಂರಕ್ಷಣೆ ಹೇಗೆ ಕೂತ್ಕೊಳ್ತದೆ ಅಂತ ಹಿಲ್ಬರ್ಟ್, ಕ್ಲೈನ್ ಅಂಥ ಗಣಿತದ ಘಟಾನುಘಟಿಗಳಿಗೇ ಬಿಡಿಸ್ಲಿಕ್ಕೆ ಆಗಿರ್ಲಿಲ್ಲ, ಅದಕ್ಕೆ ಅವರು ನೋತರ್ ಅವ್ರನ್ನು ಗಟಿಂಗೆನ್‌ಗೆ ಕರೆಸಿದ್ರು. ಕರೆಸಿದ್ರೇನು, ಹೆಂಗಸು ಅಂತ ಯೂನಿವರ್ಸಿಟಿ ಕೆಲಸ ಕೊಡ್ಲಿಲ್ಲ, ಸಂಬಳ ಇಲ್ಲ, ಪಾಠ ಮಾಡುದಿದ್ರೂ ನೋಟಿಸಲ್ಲಿ ಹಿಲ್ಬರ್ಟ್ ಹೆಸರು ಹಾಕಿ ಇವರು ಮಾಡ್ಬೇಕು. 1918ರ ಜುಲೈಯಲ್ಲಿ ಅಲ್ಲಿನ ವಿಜ್ಞಾನ ಸಂಸ್ಥೆಯ ಮುಂದೆ ಅವರ ಪೇಪರನ್ನು ಮಂಡಿಸಿದ್ದೂ ಕ್ಲೈನ್, ಯಾಕಂದ್ರೆ ನೋತರ್ ಅಲ್ಲಿ ಸದಸ್ಯರೇ ಅಲ್ಲ. 1933ರಲ್ಲಿ ಯಹೂದಿ ಅಂತ ನಾಜಿ ಸರ್ಕಾರ ಕೆಲಸದಿಂದ ತೆಗೀತು, ಅಮೆರಿಕಕ್ಕೆ ಹೋದ್ರು, ಬ್ರಿನ್ ಮಾರ್ ಕಾಲೇಜಲ್ಲಿ ಕಲಿಸ್ತಾ ಇದ್ದು 1935ರಲ್ಲಿ 53ನೇ ವಯಸ್ಸಿಗೆ ತೀರಿಹೋದ್ರು. ನಮ್ಮ ಕಾಲೇಜುಗಳ ಗೋಡೆಯಲ್ಲಿ ನ್ಯೂಟನ್ ಇದ್ದಾರೆ, ಐನ್‌ಸ್ಟೈನ್ ಇದ್ದಾರೆ. ನೋತರ್ ಕೂಡ ಇರ್ಬೇಕು ಅಂತ ನಂಗೆ ಬಹಳ ಆಸೆ ಉಂಟು.

ಅವರು ಸಾಧಿಸಿ ತೋರಿಸಿದ್ದು ಇದು. ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗಬಹುದಾದ ಯಾವುದೇ ಸಿಮೆಟ್ರಿ ಇದ್ರೂ ಅದ್ರ ಜೊತೆಗೆ ಎಂದೂ ಬದಲಾಗದ ಒಂದು ಪ್ರಮಾಣ ಇದ್ದೇ ಇರ್ತದೆ. ಜಾಗ ಬದಲಿಸಿದ್ರೆ ವ್ಯತ್ಯಾಸ ಇಲ್ಲ ಅಂತಾದ್ರೆ ಮೊಮೆಂಟಮ್ ಉಳೀತದೆ. ದಿಕ್ಕು ಬದಲಿಸಿದ್ರೆ ವ್ಯತ್ಯಾಸ ಇಲ್ಲ ಅಂತಾದ್ರೆ ಆಂಗ್ಯುಲರ್ ಮೊಮೆಂಟಮ್. ಇವತ್ತಿನ ನಿಯಮವೇ ನಾಳೆಗೂ ಅಂತಾದ್ರೆ ಶಕ್ತಿ. ಅಂದ್ರೆ ಸುರತ್ಕಲ್, ಮಣಿಪಾಲ, ಇವತ್ತು, ನಾಳೆ, ಕಡಲು, ಘಟ್ಟ ಅಂತ ಮೇಲೆ ಹೇಳಿದ್ದರ ಒಳಗೇ ಮೂರು ದೊಡ್ಡ ಸಂರಕ್ಷಣೆ ನಿಯಮಗಳು ಕೂತಿವೆ. ಸಿಮೆಟ್ರಿ ಇಲ್ಲದಲ್ಲಿ ನಿಯಮವೂ ಇಲ್ಲ, ಇದು ಹೇಳ್ಲಿಕ್ಕೆ ಮಾತ್ರ ಅಲ್ಲ, ನಿಜವಾಗಿ ಕಾಣ್ಲಿಕ್ಕೂ ಸಿಗ್ತದೆ. ವಿಶ್ವ ಹಿಗ್ಗುತ್ತಾ ಇರುವ ಕಾರಣ ಇಡೀ ವಿಶ್ವದ ಲೆಕ್ಕದಲ್ಲಿ ನಿನ್ನೆ ಮತ್ತು ಇವತ್ತು ಒಂದೇ ಅಲ್ಲ, ಹಾಗಾಗಿ ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕಿನ ಅಲೆ ಈಗ ಸುಮಾರು 1100 ಪಟ್ಟು ಉದ್ದ ಆಗಿದೆ, ಒಂದೊಂದು ಫೋಟಾನಿನ ಶಕ್ತಿ ಅಷ್ಟೇ ಪಟ್ಟು ಇಳಿದಿದೆ, ಆ ಶಕ್ತಿ ಎಲ್ಲಿಗೆ ಹೋಯ್ತು ಅಂದ್ರೆ ಎಲ್ಲಿಗೂ ಹೋಗ್ಬೇಕಂತಿಲ್ಲ, ಅದನ್ನು ಕಾಯುವ ಸಿಮೆಟ್ರಿಯೇ ಅಲ್ಲಿ ಇಲ್ಲ.

ಇಷ್ಟರವರೆಗೆ ಹೇಳಿದ್ದು ಹಳೆ ಫಿಸಿಕ್ಸಿಗೂ ಸಲ್ತದೆ. ಹಾಗಾದ್ರೆ ಕ್ವಾಂಟಂ ಬಂದ ಮೇಲೆ ಎಂತ ಆಯ್ತು?

ಸೂರ್ಯನ ಸೆಳೆತ ಎಲ್ಲಾ ದಿಕ್ಕಿಗೂ ಒಂದೇ, ಆದ್ರೆ ಭೂಮಿ ಸುತ್ತುದು ಒಂದೇ ಸಮತಲದಲ್ಲಿ. ನಿಯಮ ಗುಂಡಗೆ ಉಂಟು, ಕಕ್ಷೆ ಗುಂಡಗಿಲ್ಲ. ಭೂಮಿಗೆ ಒಂದು ಕಕ್ಷೆ ಆರಿಸಿಕೊಳ್ಳದೆ ಉಪಾಯ ಇಲ್ಲ. ಎಲೆಕ್ಟ್ರಾನಿಗೆ ಆ ನಿರ್ಬಂಧ ಇಲ್ಲ, ಅದ್ರ ಸ್ಥಿತಿಗಳನ್ನು ಒಂದರ ಮೇಲೆ ಒಂದು ಕೂಡಿಸ್ಬಹುದು, ಎಲ್ಲಾ ದಿಕ್ಕುಗಳನ್ನೂ ಒಟ್ಟಿಗೆ ಬೆರೆಸಿ ಹೈಡ್ರೋಜನಿನ ಅತಿ ಕೆಳಗಿನ ಸ್ಥಿತಿ ಪೂರ್ತಿ ಗುಂಡಗೆ ಇರ್ತದೆ, ಅಂದ್ರೆ ನಿಯಮದ ಸಿಮೆಟ್ರಿ ಸ್ಥಿತಿಯೊಳಗೇ ಇಳಿದು ಬರ್ತದೆ. ಮೇಲಿನ ಸ್ಥಿತಿಗಳನ್ನು ತಿರುಗಿಸಿದ್ರೆ ಅವು ತಮ್ಮತಮ್ಮೊಳಗೇ ಬೆರೀತವೆ, ಹೊರಗಿನದಕ್ಕೆ ತಾಗುದಿಲ್ಲ, ಹಾಗಾಗಿ ಅವು ಕುಟುಂಬ ಕುಟುಂಬವಾಗಿ ಒಂದೇ ಶಕ್ತಿಯಲ್ಲಿ ನಿಲ್ತವೆ. ಒಂದು ಕುಟುಂಬದಲ್ಲಿ ಎಷ್ಟು ಜನ ಇರ್ಬಹುದು ಅಂತ ತಿರುಗುವಿಕೆಯ ಗಣಿತವೇ ಹೇಳ್ತದೆ: 1, 3, 5, 7. ಎಸ್ ಆರ್ಬಿಟಲ್ ಒಂದು, ಪಿ ಮೂರು, ಡಿ ಐದು, ಎಫ್ ಏಳು ಅಂತ ಕೆಮಿಸ್ಟ್ರಿ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ನೆನಪುಂಟಲ್ವಾ, ಅದು ಇದೇ. ಮೂರು ಆಯಾಮದ ಜಾಗದಲ್ಲಿ ಯಾವ ದಿಕ್ಕೂ ವಿಶೇಷ ಅಲ್ಲ, ಅದಕ್ಕೆ ಪಿ ಆರ್ಬಿಟಲ್ ಮೂರು. ಪೀರಿಯಾಡಿಕ್ ಟೇಬಲಿನ ಅಗಲ ಇದ್ರಿಂದ ಬಂದದ್ದು.

ಹೈಡ್ರೋಜನಲ್ಲಿ ಇನ್ನೂ ಒಂದು ಉಂಟು. ಅಲ್ಲಿ 2ಎಸ್ ಮತ್ತು 2ಪಿ ಕೂಡ ಒಂದೇ ಶಕ್ತಿಯಲ್ಲಿ ಇರ್ತವೆ (ಅತಿ ಸಣ್ಣ ವ್ಯತ್ಯಾಸ ಉಂಟು, ಅದನ್ನು 1947ರಲ್ಲಿ ಲ್ಯಾಂಬ್ ಅಳೆದ್ರು, ಅದು ಬೇರೆ ಕಥೆ). ಬರೇ ತಿರುಗುವಿಕೆಯ ಸಿಮೆಟ್ರಿಯಿಂದ ಇದು ಸಿಗುದಿಲ್ಲ, ಕುಟುಂಬಗಳು 1, 4, 9, 16 ಅಂತ ದೊಡ್ಡದಾಗಿವೆ, ಅಂದ್ರೆ ಕಣ್ಣಿಗೆ ಕಾಣದ ಇನ್ನೊಂದು ಸಿಮೆಟ್ರಿ ಅಡಗಿ ಕೂತಿದೆ. 1926ರಲ್ಲಿ ಪೌಲಿ ಇದನ್ನು ಹಿಡಿದೇ ಹೈಡ್ರೋಜನಿನ ಎಲ್ಲಾ ಶಕ್ತಿಮಟ್ಟಗಳನ್ನು ಲೆಕ್ಕ ಹಾಕಿದ್ರು, 1935ರಲ್ಲಿ ಫಾಕ್ ಅದು ನಾಲ್ಕು ಆಯಾಮದ ತಿರುಗುವಿಕೆ ಅಂತ ತೋರಿಸಿದ್ರು. ಪೊಟ್ಯಾಶಿಯಮಿಗೆ ಬಂದಾಗ ಒಳಗಿನ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸನ್ನು ಮುಚ್ಚಿ ಆ ಗುಪ್ತ ಸಿಮೆಟ್ರಿಯನ್ನು ಕೆಡಿಸ್ತವೆ, ಅದಕ್ಕೇ ಅಲ್ಲಿ 3ಡಿ ಬಿಟ್ಟು 4ಎಸ್ ಮೊದಲು ತುಂಬುದು. ಮಕ್ಕಳನ್ನು ಗೋಳಾಡಿಸುವ ಆ ನಿಯಮದ ಬುಡದಲ್ಲಿ ಒಂದು ಮುರಿದ ಸಿಮೆಟ್ರಿ ಉಂಟು.

ಮುರಿಯುದನ್ನು ನಾವೇ ಮಾಡಿ ನೋಡ್ಲಿಕ್ಕೂ ಆಗ್ತದೆ. ಟ್ಯೂಬಿನ ಹತ್ತಿರ ಗಟ್ಟಿ ಮ್ಯಾಗ್ನೆಟ್ ಇಟ್ರೆ ಈಗ ಒಂದು ದಿಕ್ಕು ವಿಶೇಷ ಆಯ್ತು, ಕುಟುಂಬ ಒಡೆದು ಗೆರೆಗಳು ಸೀಳ್ತವೆ. 1896ರಲ್ಲಿ ಜೀಮನ್ ಇದನ್ನು ಕಂಡದ್ದು. 1908ರಲ್ಲಿ ಹೇಲ್ ಸೂರ್ಯನ ಕಲೆಗಳ ಬೆಳಕಲ್ಲಿ ಅದೇ ಸೀಳು ನೋಡಿ ಅಲ್ಲಿ ಮ್ಯಾಗ್ನೆಟಿಕ್ ಫೀಲ್ಡ್ ಉಂಟು ಅಂತ ಹೇಳಿದ್ರು, ಭೂಮಿ ಬಿಟ್ಟು ಹೊರಗೆ ಮ್ಯಾಗ್ನೆಟಿಸಮ್ ಸಿಕ್ಕಿದ್ದು ಅದೇ ಮೊದಲು. ಹಾಗೇ ನಮ್ಮವರ ಕೆಲಸವೂ ಇಲ್ಲಿ ಉಂಟು: ರಾಮನ್ ಪರಿಣಾಮದಲ್ಲಿ (ಅಣುವಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಸ್ವಲ್ಪ ಬದಲಾಗುದು) ಒಂದು ಅಣುವಿನ ಯಾವ ಕಂಪನ ಕಾಣ್ತದೆ, ಯಾವುದು ಕಾಣುದಿಲ್ಲ ಅಂತ ತೀರ್ಮಾನ ಮಾಡುದು ಆ ಅಣುವಿನ ಸಿಮೆಟ್ರಿ. ಕಾರ್ಬನ್ ಡೈಆಕ್ಸೈಡಿನ ಎರಡು ಆಕ್ಸಿಜನ್ ಒಟ್ಟಿಗೆ ಹೊರಗೆ ಒಟ್ಟಿಗೆ ಒಳಗೆ ಬರುವ ಕಂಪನ ರಾಮನ್‌ನಲ್ಲಿ ಕಾಣ್ತದೆ, ಇನ್‌ಫ್ರಾರೆಡ್‌ನಲ್ಲಿ ಕಾಣುದಿಲ್ಲ. ರಾಮನ್ ಜೊತೆ ಕೆಲಸ ಮಾಡಿದ, ಮುಂದೆ ಬೆಂಗಳೂರಿನ ಐಐಎಸ್‌ಸಿಯ ನಿರ್ದೇಶಕರೂ ಆದ ಭಗವಂತಂ ಅವರು ಗ್ರೂಪ್ ಥಿಯರಿಯನ್ನು, ಅಂದ್ರೆ ಸಿಮೆಟ್ರಿಯ ಗಣಿತವನ್ನು, ಇಂಥದ್ದಕ್ಕೆ ಬಳಸುದರಲ್ಲಿ ಪಳಗಿದವರು.

ಈಗ ಬೇರೆ ಥರದ ಒಂದು ಬದಲಾವಣೆ ನೋಡುವ. ಎರಡು ಎಲೆಕ್ಟ್ರಾನುಗಳನ್ನು ಅದಲುಬದಲು ಮಾಡಿದ್ರೆ? ಯಾರಿಗೂ ಗೊತ್ತಾಗ್ಲಿಕ್ಕೆ ಸಾಧ್ಯ ಇಲ್ಲ, ಒಂದು ಎಲೆಕ್ಟ್ರಾನಿಗೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ. ಹಾಗಾದ್ರೆ ಅವುಗಳ ವೇವ್ ಫಂಕ್ಷನ್ (ಕ್ವಾಂಟಂ ಸ್ಥಿತಿಯನ್ನು ಹೇಳುವ ಗಣಿತದ ಲೆಕ್ಕ) ಅದಲುಬದಲಾದಾಗ ಇದ್ದ ಹಾಗೇ ಇರ್ಬೇಕು, ಇಲ್ಲಾ ಅದ್ರ ಚಿಹ್ನೆ ಪ್ಲಸ್ ಇದ್ದದ್ದು ಮೈನಸ್ ಆಗ್ಬೇಕು, ನಮ್ಮ ಮೂರು ಆಯಾಮದ ಲೋಕದಲ್ಲಿ ಈ ಎರಡೇ ದಾರಿ. ಇದ್ದ ಹಾಗೇ ಇರುವವು ಬೋಸಾನುಗಳು, 1924ರಲ್ಲಿ ಢಾಕಾದಿಂದ ಐನ್‌ಸ್ಟೈನ್‌ಗೆ ಪೇಪರ್ ಕಳಿಸಿದ ಸತ್ಯೇಂದ್ರನಾಥ ಬೋಸರ ಹೆಸರಿನವು. ಮೈನಸ್ ಆಗುವವು ಫರ್ಮಿಯಾನುಗಳು, ಎಲೆಕ್ಟ್ರಾನು ಆ ಜಾತಿ. ಮೈನಸ್ ಅಂದ ಮೇಲೆ ಎರಡು ಎಲೆಕ್ಟ್ರಾನು ಒಂದೇ ಸ್ಥಿತಿಯಲ್ಲಿ ಇದ್ರೆ ಅದಲುಬದಲು ಮಾಡಿದಾಗ ಅದು ತನ್ನದೇ ಮೈನಸ್ಸಿಗೆ ಸಮ ಆಗ್ಬೇಕು, ಹಾಗಿರುವ ಸಂಖ್ಯೆ ಸೊನ್ನೆ ಮಾತ್ರ, ಅಂದ್ರೆ ಹಾಗೆ ಇರ್ಲಿಕ್ಕೇ ಸಾಧ್ಯ ಇಲ್ಲ. ಇದೇ ಪೌಲಿಯವರ 1925ರ ನಿಯಮ. ಎಲ್ಲಾ ಎಲೆಕ್ಟ್ರಾನು ಅತಿ ಕೆಳಗಿನ ಮಟ್ಟಕ್ಕೆ ಕುಸಿಯದೆ ಇರುದು, ಕೆಮಿಸ್ಟ್ರಿ ಅಂತ ಒಂದು ಇರುದು, ನೆಲದ ಮೇಲೆ ನಿಂತ್ರೆ ಕಾಲು ಒಳಗೆ ಹೋಗದೆ ಇರುದು, ಇದೆಲ್ಲ ಆ ಒಂದು ಮೈನಸ್ ಚಿಹ್ನೆಯ ಮೇಲೆ ನಿಂತಿದೆ. ನಂಗೆ ಇದನ್ನು ಎಷ್ಟು ಸಲ ಹೇಳಿದ್ರೂ ಸಾಕಾಗುದಿಲ್ಲ.

ಎಲೆಕ್ಟ್ರಾನಿನ ಇನ್ನೊಂದು ಸ್ವಭಾವವೂ ತಿರುಗುವಿಕೆಯ ಗಣಿತದಿಂದಲೇ ಬರ್ತದೆ. 360 ಡಿಗ್ರಿ ತಿರುಗಿಸಿದ್ರೆ ಅದ್ರ ವೇವ್ ಫಂಕ್ಷನ್ ಮೊದಲಿನ ಹಾಗೆ ಆಗುದಿಲ್ಲ, ಮೈನಸ್ ಆಗ್ತದೆ, 720 ಡಿಗ್ರಿ ತಿರುಗಿಸಿದ್ರೆ ಮಾತ್ರ ಮೊದಲಿನಂತೆ. ಕೇಳಿದ್ರೆ ಕಟ್ಟುಕಥೆ ಅನ್ನಿಸ್ತದೆ, ಆದ್ರೆ 1975ರಲ್ಲಿ ಇದೇ ಸ್ವಭಾವದ ನ್ಯೂಟ್ರಾನಿನ ಕಿರಣವನ್ನು ಎರಡು ದಾರಿಗೆ ಸೀಳಿ, ಒಂದು ದಾರಿಯಲ್ಲಿ ಮಾತ್ರ ಮ್ಯಾಗ್ನೆಟಿಕ್ ಫೀಲ್ಡಿಂದ ಸ್ಪಿನ್ (ಕಣಕ್ಕೆ ಸ್ವಂತವಾಗಿಯೇ ಇರುವ ಆಂಗ್ಯುಲರ್ ಮೊಮೆಂಟಮ್) ತಿರುಗಿಸಿ, ಮತ್ತೆ ಕೂಡಿಸಿ ಎರಡು ತಂಡಗಳು ಇದನ್ನು ಕಣ್ಣಾರೆ ತೋರಿಸಿದ್ವು.

ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ ಇರುದು ವಿಗ್ನರ್ 1939ರಲ್ಲಿ ಮಾಡಿದ ಕೆಲಸದಲ್ಲಿ. ಪ್ರಶ್ನೆ ಸಣ್ಣದು: ಜಾಗ ಸರಿಸುದು, ಹೊತ್ತು ಸರಿಸುದು, ತಿರುಗಿಸುದು, ಬೇರೆ ವೇಗದಲ್ಲಿ ಹೋಗುವವನ ಕಣ್ಣಿಂದ ನೋಡುದು, ಇಷ್ಟೂ ಸಿಮೆಟ್ರಿಗಳಿಗೆ ಒಪ್ಪುವ ಹಾಗೆ ಒಂದು ಕ್ವಾಂಟಂ ಕಣ ಎಷ್ಟು ಥರದಲ್ಲಿ ಇರ್ಬಹುದು? ಉತ್ತರ ಬಂದದ್ದು ಎರಡು ಲೇಬಲಲ್ಲಿ, ಒಂದು ಮಾಸ್, ಒಂದು ಸ್ಪಿನ್. ನಾವು ಮೊದಲು ಕಣ ಅಂತ ಒಂದು ಕಲ್ಪಿಸಿ ಆಮೇಲೆ ಅದಕ್ಕೆ ಮಾಸ್ ಅಂಟಿಸ್ತೇವೆ, ಸ್ಪಿನ್ ಅಂಟಿಸ್ತೇವೆ. ವಿಗ್ನರ್ ಪ್ರಕಾರ ಸಿಮೆಟ್ರಿಗೆ ಒಂದು ವಸ್ತು ಹೇಗೆ ಸ್ಪಂದಿಸ್ತದೆ ಅನ್ನುದೇ ಆ ವಸ್ತುವಿನ ಗುರುತು, ಅದ್ರ ಹಿಂದೆ ಬೇರೆ ಗೋಲಿ ಎಂತದೂ ಇಲ್ಲ. ಇದು ಒಮ್ಮೆ ತಲೆಗೆ ಹೋದ ಮೇಲೆ ಎಲೆಕ್ಟ್ರಾನ್ ಅಂದಾಗ ಮನಸ್ಸಲ್ಲಿ ಬರುವ ಚಿತ್ರವೇ ಬದಲಾಗ್ತದೆ.

ಮುಂದಿನದ್ದು ಸ್ವಲ್ಪ ಉದ್ದ ಉಂಟು, ತಾಳ್ಮೆ ಇರ್ಲಿ. ವೇವ್ ಫಂಕ್ಷನಿಗೆ ಪ್ರತಿ ಜಾಗದಲ್ಲೂ ಒಂದು ಅಳತೆ ಮತ್ತು ಒಂದು ಕೋನ ಇರ್ತದೆ, ಆ ಕೋನಕ್ಕೆ ಫೇಸ್ ಅಂತಾರೆ, ಗಡಿಯಾರದ ಮುಳ್ಳು ಅಂತ ಇಟ್ಕೊಳ್ಳಿ. ಎಲೆಕ್ಟ್ರಾನು ಸಿಗುವ ಸಾಧ್ಯತೆ ಮುಳ್ಳಿನ ಉದ್ದದ ಮೇಲೆ ಮಾತ್ರ ಉಂಟು, ಮುಳ್ಳು ಎತ್ತ ತಿರುಗಿದೆ ಅನ್ನುದರ ಮೇಲೆ ಇಲ್ಲ. ಎಲ್ಲಾ ಕಡೆಯ ಮುಳ್ಳನ್ನೂ ಒಂದೇ ಅಳತೆಯಲ್ಲಿ ತಿರುಗಿಸಿದ್ರೆ ಎಂತ ವ್ಯತ್ಯಾಸವೂ ಇಲ್ಲ, ನೋತರ್ ಪ್ರಕಾರ ಇದಕ್ಕೂ ಒಂದು ಉಳಿಯುವ ಪ್ರಮಾಣ ಇರ್ಬೇಕು, ಅದು ವಿದ್ಯುತ್ ಚಾರ್ಜ್. ಇಲ್ಲಿಗೆ ನಿಲ್ಲಿಸ್ಬಹುದಿತ್ತು. ಆದ್ರೆ 1929ರಲ್ಲಿ ಹರ್ಮನ್ ವೈಲ್ ಇನ್ನೂ ಮುಂದೆ ಹೋಗಿ ಕೇಳಿದ್ರು: ಒಂದೊಂದು ಜಾಗದಲ್ಲೂ ಅವರವರಿಗೆ ಬೇಕಾದ ಹಾಗೆ ಮುಳ್ಳು ತಿರುಗಿಸ್ಕೊಳ್ಲಿಕ್ಕೆ ಬಿಟ್ರೆ?

ಮಂಗಳೂರು, ಕಾರ್ಕಳ, ಉಡುಪಿ ಮೂರೂ ಊರಿನವರು ತಮಗೆ ತೋಚಿದ ಹಾಗೆ ಗಡಿಯಾರ ಇಟ್ಕೊಂಡಿದ್ದಾರೆ ಅಂತ ಆಯ್ತು. ಬಸ್ಸಿನ ಟೈಮ್ ಹೇಳ್ಬೇಕಾದ್ರೆ ಮಂಗಳೂರಿನ 10 ಗಂಟೆ ಕಾರ್ಕಳದ ಎಷ್ಟು ಗಂಟೆ, ಕಾರ್ಕಳದ್ದು ಉಡುಪಿಯಲ್ಲಿ ಎಷ್ಟು, ಹೀಗೆ ದಾರಿದಾರಿಗೂ ಒಂದು ಪಟ್ಟಿ ಬೇಕು. ಉಡುಪಿಯವರು ಗಡಿಯಾರ 10 ನಿಮಿಷ ಮುಂದೆ ಇಟ್ರು ಅಂತಾದ್ರೆ ಪಟ್ಟಿಯಲ್ಲಿ ಕಾರ್ಕಳ–ಉಡುಪಿ ಸಾಲಿಗೆ 10 ಕೂಡಿಸಿ, ಉಡುಪಿ–ಮಂಗಳೂರು ಸಾಲಲ್ಲಿ 10 ಕಳೆದ್ರೆ ಮುಗೀತು, ಯಾರಿಗೂ ನಷ್ಟ ಇಲ್ಲ. ಈಗ ಒಬ್ಬ ಮಂಗಳೂರಲ್ಲಿ ವಾಚು ಸರಿ ಮಾಡಿ, ಪಟ್ಟಿ ನೋಡ್ತಾ ಕಾರ್ಕಳ, ಉಡುಪಿ ಸುತ್ತಿ ಮಂಗಳೂರಿಗೆ ವಾಪಸ್ ಬರ್ತಾನೆ. ಪ್ರಯಾಣದ ಹೊತ್ತು ಬಿಟ್ಟು ಲೆಕ್ಕ ಹಾಕಿದ ಮೇಲೂ ಅವನ ವಾಚು ಮಂಗಳೂರಿನ ಗಡಿಯಾರಕ್ಕಿಂತ 5 ನಿಮಿಷ ವ್ಯತ್ಯಾಸ ತೋರಿಸಿದ್ರೆ ಎಂತ ಹೇಳುದು? ಯಾವ ಊರಿನವರು ಗಡಿಯಾರ ಹೇಗೆ ತಿರುಗಿಸಿದ್ರೂ ಆ 5 ನಿಮಿಷ ಹೋಗುದಿಲ್ಲ, ಒಂದು ಸಾಲಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕಳೀತದೆ. ಪಟ್ಟಿಯ ಒಂದೊಂದು ಸಾಲಿಗೆ ಸ್ವಂತ ಅರ್ಥ ಇಲ್ಲ, ಸುತ್ತು ಬಂದಾಗ ಉಳಿಯುವ ಆ ವ್ಯತ್ಯಾಸ ಮಾತ್ರ ನಿಜ. ಫಿಸಿಕ್ಸಲ್ಲಿ ಆ ಪಟ್ಟಿಯ ಹೆಸರು ಗೇಜ್ ಫೀಲ್ಡ್, ಆ ಉಳಿದ 5 ನಿಮಿಷದ ಹೆಸರು ಸುತ್ತಿನೊಳಗಿನ ಮ್ಯಾಗ್ನೆಟಿಕ್ ಫ್ಲಕ್ಸ್. ಎಲ್ಲರಿಗೂ ಬೇಕಾದ ಹಾಗೆ ಫೇಸ್ ತಿರುಗಿಸುವ ಸ್ವಾತಂತ್ರ್ಯ ಕೊಟ್ಟ ಕೂಡ್ಲೆ ಮ್ಯಾಕ್ಸ್‌ವೆಲ್‌ರ ವಿದ್ಯುತ್ಕಾಂತತೆ ಬಂದು ನಿಲ್ತದೆ, ಬೆಳಕು ಬಂದು ನಿಲ್ತದೆ.

ಇದು ಬರೇ ಗಣಿತದ ಜಾಣತನ ಅಂತ ಹೇಳುವವರಿಗೆ 1959ರಲ್ಲಿ ಅಹರೋನೋವ್ ಮತ್ತು ಬೋಮ್ ಒಂದು ಪ್ರಯೋಗ ಸೂಚಿಸಿದ್ರು. ಎಲೆಕ್ಟ್ರಾನನ್ನು ಎರಡು ದಾರಿಯಲ್ಲಿ ಕಳಿಸಿ, ನಡುವೆ ಮುಚ್ಚಿದ ಜಾಗದೊಳಗೆ ಮಾತ್ರ ಮ್ಯಾಗ್ನೆಟಿಕ್ ಫೀಲ್ಡ್ ಇಡಿ, ಎಲೆಕ್ಟ್ರಾನಿಗೆ ಅದು ತಾಗಲೇಬಾರದು. ತಾಗದಿದ್ರೂ ಇಂಟರ್‌ಫಿಯರೆನ್ಸ್ ಪಟ್ಟೆಗಳು ಸರಿಯುತ್ತವೆ, ಯಾಕಂದ್ರೆ ಎರಡು ದಾರಿ ಸೇರಿ ಒಂದು ಸುತ್ತಾಯ್ತು, ಸುತ್ತಿನ ವ್ಯತ್ಯಾಸ ಉಳೀತು. 1986ರಲ್ಲಿ ಜಪಾನಿನ ತೊನೊಮುರಾ ತಂಡ ಸಣ್ಣ ಬಳೆಯಾಕಾರದ ಮ್ಯಾಗ್ನೆಟಿಗೆ ಸೂಪರ್‌ಕಂಡಕ್ಟರ್ ಹೊದಿಸಿ ಫೀಲ್ಡ್ ಹೊರಗೆ ಸೋರದ ಹಾಗೆ ಮಾಡಿ ಇದನ್ನು ಅಳೆದ್ರು, ಪಟ್ಟೆ ಸರಿದಿತ್ತು.

1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಇದೇ ಯೋಚನೆಯನ್ನು ಒಂದು ಮುಳ್ಳಿನಿಂದ ಹಲವು ಘಟಕ ಬೆರೆಯುವ ತಿರುಗುವಿಕೆಗೆ ವಿಸ್ತರಿಸಿದ್ರು. ಈಗಿನ ಸ್ಟ್ಯಾಂಡರ್ಡ್ ಮಾಡೆಲ್ (ಗೊತ್ತಿರುವ ಮೂಲಕಣಗಳ, ಅವುಗಳ ಬಲಗಳ ಸಿದ್ಧಾಂತ) ಅಂದ್ರೆ ಅದೇ: ಎರಡು ಘಟಕ ಬೆರೆಯುವ ಎಸ್‌ಯು(2)ರಿಂದ 2×2−1, ಅಂದ್ರೆ ಮೂರು ಬಲವಾಹಕ ಕಣ, ಮೂರು ಘಟಕ ಬೆರೆಯುವ ಎಸ್‌ಯು(3)ರಿಂದ 3×3−1, ಎಂಟು ಗ್ಲುವಾನ್ (ಪ್ರೋಟಾನಿನೊಳಗಿನ ಕ್ವಾರ್ಕುಗಳನ್ನು ಹಿಡಿದಿಡುವ ಬಲದ ವಾಹಕಗಳು). ಗ್ಲುವಾನ್ ಎಂಟೇ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಈ ಲೆಕ್ಕದಲ್ಲಿದೆ. ಎಸ್‌ಯು(3) ಇನ್ನೊಂದು ಬೇರೆ ವೇಷದಲ್ಲೂ ಕೆಲಸ ಮಾಡಿತ್ತು, ಗೆಲ್‌ಮನ್ ಕಣಗಳನ್ನು ಹತ್ತರ ಕುಟುಂಬದಲ್ಲಿ ಜೋಡಿಸಿದಾಗ ಒಂಬತ್ತು ಸಿಕ್ಕಿದ್ವು, ಹತ್ತನೆಯದ್ದು ಇರ್ಲಿಲ್ಲ, 1962ರಲ್ಲಿ ಅದ್ರ ಚಾರ್ಜ್ ಇಷ್ಟು ಮಾಸ್ ಸುಮಾರು ಇಷ್ಟು ಅಂತ ಹೇಳಿಟ್ರು, 1964ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಒಮೆಗಾ ಮೈನಸ್ ಹಾಗೇ ಸಿಕ್ಕಿತು.

ಆದ್ರೆ ಯಾಂಗ್–ಮಿಲ್ಸ್‌ಗೆ ಶುರುವಿಂದಲೇ ಒಂದು ತೊಂದರೆ. ಸಿಮೆಟ್ರಿ ಪೂರ್ತಿ ಇದ್ರೆ ಬಲವಾಹಕ ಕಣಗಳಿಗೆ ಮಾಸ್ ಇರ್ಬಾರದು, ಅಂಥ ಮಾಸಿಲ್ಲದ ಕಣಗಳು ಇದ್ದಿದ್ರೆ ಫೋಟಾನಿನ ಹಾಗೆ ಎಲ್ಲೆಲ್ಲೂ ಕಾಣ್ಬೇಕಿತ್ತು. 1954ರಲ್ಲಿ ಯಾಂಗ್ ಪ್ರಿನ್ಸ್‌ಟನ್‌ನಲ್ಲಿ ಸೆಮಿನಾರ್ ಕೊಡ್ತಿದ್ದಾಗ ಪೌಲಿ ಇದನ್ನೇ ಹಿಡಿದು ಬಿಡದೆ ಕೇಳಿದ್ರು, ಯಾಂಗ್ ಹತ್ರ ಉತ್ತರ ಇರ್ಲಿಲ್ಲ.

ಉತ್ತರದ ಜಾತಿ ಎಂಥದ್ದು ಅಂತ ನೋಡ್ಬೇಕಾದ್ರೆ ಮಲ್ಪೆಯಿಂದ ಬೋಟಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ, ನಮ್ಮ ತೋನ್ಸೆಪಾರಿಗೆ, ಹೋಗಿ ಬನ್ನಿ. ಅಲ್ಲಿನ ಕಂಬಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಹರಿದ ಲಾವಾ ತಣಿದು ಆದದ್ದು. ಲಾವಾ ಹರಡಿದಾಗ ಅಡ್ಡಡ್ಡಕ್ಕೆ ಎಲ್ಲಾ ಜಾಗವೂ ಒಂದೇ, ಇಲ್ಲೇ ಬಿರಿಯಬೇಕು ಅಂತ ಯಾವ ಸಮೀಕರಣದಲ್ಲೂ ಬರೆದಿಲ್ಲ. ಆದ್ರೆ ತಣಿದಾಗ ಕುಗ್ಗಬೇಕು, ಕುಗ್ಗಿದ್ರೆ ಎಲ್ಲಾದ್ರೂ ಬಿರಿಯಲೇಬೇಕು, ಒಮ್ಮೆ ಒಂದು ಕಡೆ ಬಿರಿದ ಮೇಲೆ ಆ ಜಾಗ ವಿಶೇಷ ಆಯ್ತು. ನಿಯಮದಲ್ಲಿ ಸಿಮೆಟ್ರಿ ಹಾಗೇ ಉಂಟು, ಕಲ್ಲಲ್ಲಿ ಇಲ್ಲ. ಹತ್ರ ಹೋಗಿ ನೋಡಿದ್ರೆ ಎಲ್ಲಾ ಕಂಬಗಳಿಗೆ ಆರು ಮುಖ ಇಲ್ಲ, ಐದರದ್ದೂ ಉಂಟು, ಏಳರದ್ದೂ ಉಂಟು, ಯಾವುದು ಎಲ್ಲಿ ಅನ್ನುದು ಆ ದಿನದ ಆಕಸ್ಮಿಕ. ಇದೇ ಸ್ವಯಂಪ್ರೇರಿತ ಸಿಮೆಟ್ರಿ ಭಂಗ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದಾಗ ಅದ್ರೊಳಗಿನ ಸ್ಪಿನ್ನುಗಳು ಯಾವುದೋ ಒಂದು ದಿಕ್ಕು ಹಿಡಿಯುದೂ ಇದೇ.

1960ರ ಹೊತ್ತಿಗೆ ನಂಬು ಇದನ್ನು ಸೂಪರ್‌ಕಂಡಕ್ಟರಿನಿಂದ ಎತ್ತಿ ಕಣಗಳ ಲೋಕಕ್ಕೆ ತಂದ್ರು, 1964ರಲ್ಲಿ ಎಂಗ್ಲರ್ಟ್ ಮತ್ತು ಬ್ರೌಟ್, ಹಾಗೇ ಪ್ರತ್ಯೇಕವಾಗಿ ಹಿಗ್ಸ್, ಇಡೀ ಜಾಗದಲ್ಲಿ ಒಂದು ಫೀಲ್ಡ್ ಸೊನ್ನೆಯಲ್ಲದ ಬೆಲೆಯಲ್ಲಿ ನಿಂತ್ರೆ ಬಲವಾಹಕ ಕಣಗಳಿಗೆ ಮಾಸ್ ಬರ್ತದೆ ಅಂತ ತೋರಿಸಿದ್ರು. ದುರ್ಬಲ ಬಲದ (ಕೆಲವು ನ್ಯೂಕ್ಲಿಯಸ್ಸುಗಳು ಎಲೆಕ್ಟ್ರಾನ್ ಉಗುಳಿ ಬದಲಾಗುದಕ್ಕೆ ಕಾರಣವಾದ ಬಲ) ವಾಹಕಗಳಾದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಸಿಕ್ಕಿದ್ವು, ಡಬ್ಲ್ಯು ಪ್ರೋಟಾನಿಗಿಂತ ಸುಮಾರು 86 ಪಟ್ಟು ಭಾರ. 2012ರ ಜುಲೈ 4ರಂದು ಹಿಗ್ಸ್ ಕಣವೂ ಸಿಕ್ಕಿತು ಅಂತ ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್ ಘೋಷಿಸ್ತು, ಅದ್ರ ಮಾಸ್ 125 ಜಿಇವಿ (ಕಣಗಳ ಮಾಸ್ ಅಳೆಯುವ ಘಟಕ). ಒಂದು ತಿದ್ದುಪಡಿ ಹೇಳ್ಲೇಬೇಕು, ಪೇಪರಲ್ಲಿ ಎಲ್ಲಾ ಮಾಸೂ ಹಿಗ್ಸಿಂದ ಅಂತ ಬರೀತಾರೆ, ಅದು ಸರಿಯಲ್ಲ. ಪ್ರೋಟಾನಿನೊಳಗಿನ ಮೂರು ಕ್ವಾರ್ಕುಗಳಿಗೆ ಹಿಗ್ಸ್ ಕೊಟ್ಟ ಮಾಸ್ ಕೂಡಿಸಿದ್ರೆ ಪ್ರೋಟಾನಿನ ಮಾಸಿನ ಶೇಕಡಾ 1ರಷ್ಟು ಮಾತ್ರ ಆಗ್ತದೆ, ಉಳಿದದ್ದು ಗ್ಲುವಾನ್ ಬಲದ ಶಕ್ತಿ. ಸೂಪರ್‌ಸಿಮೆಟ್ರಿ ಬಗ್ಗೆಯೂ ಕೇಳ್ತಾರೆ, ಪ್ರತಿ ಬೋಸಾನಿಗೂ ಒಂದು ಫರ್ಮಿಯಾನ್ ಜೋಡಿ, ಪ್ರತಿ ಫರ್ಮಿಯಾನಿಗೂ ಒಂದು ಬೋಸಾನ್ ಜೋಡಿ ಉಂಟು ಅನ್ನುದು ಅದು, ಗಣಿತವಾಗಿ ಬಹಳ ಚಂದದ ಯೋಚನೆ, ಸರ್ನ್‌ನ ದೊಡ್ಡ ಕಣ ಡಿಕ್ಕಿ ಯಂತ್ರವಾದ ಎಲ್‌ಎಚ್‌ಸಿಯಲ್ಲಿ ಇಷ್ಟರವರೆಗೆ ಒಂದೂ ಅಂಥ ಕಣ ಸಿಕ್ಕಿಲ್ಲ, ಸಿಗುವವರೆಗೆ ಅದನ್ನು ಸತ್ಯದ ಸಾಲಲ್ಲಿ ಇಡ್ಲಿಕ್ಕೆ ನಾನು ತಯಾರಿಲ್ಲ.

ಇನ್ನು ಕನ್ನಡಿ. ಒಂದು ಪ್ರಯೋಗವನ್ನೂ ಅದ್ರ ಕನ್ನಡಿ ಬಿಂಬದ ಹಾಗೆ ಕಟ್ಟಿದ ಪ್ರಯೋಗವನ್ನೂ ಪ್ರಕೃತಿ ಒಂದೇ ಥರ ನೋಡ್ತದೆ ಅಂತ 1956ರವರೆಗೆ ಎಲ್ಲರೂ ನಂಬಿದ್ರು, ಪೌಲಿಯಂಥವರೂ. ಆಗ ಒಂದು ಗೊಂದಲ ಇತ್ತು, ಒಂದೇ ಮಾಸ್ ಒಂದೇ ಆಯುಷ್ಯದ ಎರಡು ಕಣ, ಒಂದು ಎರಡು ಪಯಾನಾಗಿ (ಪಯಾನ್ ಅಂದ್ರೆ ಇನ್ನೂ ಹಗುರದ ಒಂದು ಕಣ) ಒಡೀತದೆ ಇನ್ನೊಂದು ಮೂರಾಗಿ, ಕನ್ನಡಿ ಸಿಮೆಟ್ರಿ ನಿಜ ಆಗಿದ್ರೆ ಅವು ಒಂದೇ ಕಣ ಆಗ್ಲಿಕ್ಕೆ ಸಾಧ್ಯ ಇಲ್ಲ. ಲೀ ಮತ್ತು ಯಾಂಗ್ ಹಳೆ ಪ್ರಯೋಗಗಳನ್ನೆಲ್ಲ ಜಾಲಾಡಿ ನೋಡಿದ್ರೆ ದುರ್ಬಲ ಬಲದ ವಿಷಯದಲ್ಲಿ ಈ ಸಿಮೆಟ್ರಿಯನ್ನು ಯಾರೂ ಪರೀಕ್ಷೆ ಮಾಡಿಯೇ ಇರ್ಲಿಲ್ಲ! ಚಿಯೆನ್ ಶಿಯುಂಗ್ ವು ಆ ಕೆಲಸಕ್ಕೆ ಇಳಿದ್ರು. ಗಂಡನ ಜೊತೆ ಊರಿನ ಕಡೆ ಹೋಗುವ ದೂರ ಪ್ರಯಾಣ ಗೊತ್ತಾಗಿತ್ತು, ಅವ್ರನ್ನು ಒಬ್ಬರನ್ನೇ ಕಳಿಸಿ ಇವರು ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ ಅಲ್ಲಿನ ಶೀತತಂತ್ರ ಪರಿಣತರ ಜೊತೆ ಕೂತ್ರು. ಕೋಬಾಲ್ಟ್ 60ನ್ನು ಸಂಪೂರ್ಣ ಸೊನ್ನೆಗಿಂತ ಸುಮಾರು 0.01 ಡಿಗ್ರಿ ಮಾತ್ರ ಮೇಲಕ್ಕೆ ತಣಿಸಿ, ನ್ಯೂಕ್ಲಿಯಸ್ಸುಗಳ ಸ್ಪಿನ್ನನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಅವು ಉಗುಳುವ ಎಲೆಕ್ಟ್ರಾನುಗಳು ಮೇಲೆ ಎಷ್ಟು ಕೆಳಗೆ ಎಷ್ಟು ಬರ್ತವೆ ಅಂತ ಎಣಿಸಿದ್ರು. ಕನ್ನಡಿ ಸಿಮೆಟ್ರಿ ಇದ್ರೆ ಎರಡೂ ಸಮ ಇರ್ಬೇಕು. ಸ್ಪಿನ್ನಿಗೆ ವಿರುದ್ಧ ದಿಕ್ಕಲ್ಲಿ ಹೆಚ್ಚು ಬಂದ್ವು. 1957ರ ನೊಬೆಲ್ ಲೀ ಮತ್ತು ಯಾಂಗ್‌ಗೆ ಹೋಯ್ತು, ವು ಅವರಿಗೆ ಕೊಡ್ಲಿಲ್ಲ, ಇದು ಇವತ್ತಿಗೂ ಬೇಸರದ ಸಂಗತಿ. ಅದೇ ವರ್ಷ ಕೊಟ್ಟಾಯಂ ಕಡೆಯ ಸುದರ್ಶನ್ ತಮ್ಮ ಗುರು ಮಾರ್ಷಕ್ ಜೊತೆ ಈ ಬಲದ ಸರಿಯಾದ ರೂಪ ಹೇಳಿದ್ರು, ಆ ರೂಪದ ಪ್ರಕಾರ ಡಬ್ಲ್ಯು ಕಣದ ಜೊತೆ ವ್ಯವಹಾರ ಇರುದು ಎಡಗೈ ಥರದ ಎಲೆಕ್ಟ್ರಾನಿಗೆ ಮಾತ್ರ, ಬಲಗೈಯದ್ದಕ್ಕೆ ಅದು ಕಾಣುದೇ ಇಲ್ಲ.

ಕನ್ನಡಿಯ ಜೊತೆಗೆ ಕಣವನ್ನು ಆಂಟಿಕಣವಾಗಿ ಬದಲಿಸಿದ್ರೆ ಸರಿಹೋಗ್ಬಹುದು ಅಂತ ಎಲ್ಲರೂ ಸಮಾಧಾನ ಮಾಡಿಕೊಂಡ್ರು. 1964ರಲ್ಲಿ ಕ್ರೋನಿನ್ ಮತ್ತು ಫಿಚ್ ಅದನ್ನೂ ಬಿಡ್ಲಿಲ್ಲ, ಕೇಯಾನ್ ಅನ್ನುವ ಕಣಗಳ ದೀರ್ಘಾಯುಷಿ ಜಾತಿಯಲ್ಲಿ 1000ಕ್ಕೆ ಸುಮಾರು 2 ಆ ನಿಯಮ ಮುರಿದು ಎರಡು ಪಯಾನಾಗಿ ಒಡೆದ್ವು. ಇಷ್ಟು ಸಣ್ಣ ಸಂಖ್ಯೆ ಯಾಕೆ ಮುಖ್ಯ ಅಂತ 1967ರಲ್ಲಿ ಸಖರೋವ್ ಹೇಳಿದ್ರು: ಆದಿಯಲ್ಲಿ ಕಣ ಮತ್ತು ಆಂಟಿಕಣ ಸಮ ಇದ್ದು ಸಿಮೆಟ್ರಿಯೂ ಪೂರ್ತಿ ಇದ್ದಿದ್ರೆ ಎರಡೂ ಒಂದನ್ನೊಂದು ಅಳಿಸಿ ಬೆಳಕು ಮಾತ್ರ ಉಳೀತಿತ್ತು, ವಸ್ತು ಉಳೀಬೇಕಾದ್ರೆ ಈ ಸಿಮೆಟ್ರಿ ಮುರಿದಿರಲೇಬೇಕು. ಸುಮಾರು 100 ಕೋಟಿ ಆಂಟಿಕಣಕ್ಕೆ 100 ಕೋಟಿಯ ಮೇಲೆ ಒಂದು ಕಣ ಅಂತ ಇದ್ದ ಅಷ್ಟು ಸಣ್ಣ ಹೆಚ್ಚುವರಿಯಿಂದ ನಕ್ಷತ್ರ, ಕಡಲು, ನಾವು ಎಲ್ಲ ಆದದ್ದು.

1973ರಲ್ಲಿ ಕೊಬಯಾಶಿ ಮತ್ತು ಮಸ್ಕಾವಾ, ಮೂರೇ ಕ್ವಾರ್ಕು ಗೊತ್ತಿದ್ದ ಕಾಲದಲ್ಲಿ, ಆರು ಕ್ವಾರ್ಕು ಇದ್ರೆ ಈ ಭಂಗ ತಾನಾಗಿ ಬರ್ತದೆ ಅಂತ ಹೇಳಿದ್ರು, ಆರನೆಯದ್ದು 1995ರಲ್ಲಿ ಸಿಕ್ಕಿತು. 2025ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಪ್ರೋಟಾನಿನ ವರ್ಗದ ಕಣದಲ್ಲೇ, ಅಂದ್ರೆ ಬೇರಿಯಾನಿನಲ್ಲೇ, ಮೊದಲ ಸಲ ಇದನ್ನು ಕಂಡಿತು. ಆದ್ರೆ ಕ್ವಾರ್ಕುಗಳ ಲೆಕ್ಕವನ್ನೆಲ್ಲ ಕೂಡಿಸಿದ್ರೂ ವಿಶ್ವದಲ್ಲಿ ಉಳಿದ ವಸ್ತುವಿಗೆ ಅದು ಏನೂ ಸಾಲುದಿಲ್ಲ, ಎಷ್ಟೋ ಪಟ್ಟು ಕಡಿಮೆ ಬೀಳ್ತದೆ. ಹಾಗಾಗಿ ಈಗ ಕಣ್ಣು ನ್ಯೂಟ್ರಿನೋ (ಚಾರ್ಜ್ ಇಲ್ಲದ, ಬಹಳ ಹಗುರದ ಕಣ) ಮೇಲೆ ಉಂಟು, ನ್ಯೂಟ್ರಿನೋ ಒಂದು ಜಾತಿಯಿಂದ ಇನ್ನೊಂದಕ್ಕೆ ಬದಲಾಗುವ ಪ್ರಮಾಣವೂ ಆಂಟಿನ್ಯೂಟ್ರಿನೋ ಬದಲಾಗುವ ಪ್ರಮಾಣವೂ ಬೇರೆಯಾ ಅಂತ ಜಪಾನಿನ ಟಿ2ಕೆ ಮತ್ತು ಅಮೆರಿಕದ ನೋವಾ ಪ್ರಯೋಗಗಳು ಅಳೀತಾ ಬಂದಿವೆ, ನೋವಾದಲ್ಲಿ ಭಾರತದ ಹಲವು ಯೂನಿವರ್ಸಿಟಿಯವರು ಇದ್ದಾರೆ. ಇನ್ನೂ ಖಚಿತ ಉತ್ತರ ಬಂದಿಲ್ಲ, ಅದಕ್ಕಿಂತ ಬಹಳ ದೊಡ್ಡ ಹೈಪರ್ ಕಮಿಯೋಕಾಂಡೆ ಡಿಟೆಕ್ಟರನ್ನು ಜಪಾನಿನ ಗುಡ್ಡದೊಳಗೆ, ಡ್ಯೂನ್ ಡಿಟೆಕ್ಟರನ್ನು ಅಮೆರಿಕದ ಸೌತ್ ಡಕೋಟಾದ ಹಳೆ ಚಿನ್ನದ ಗಣಿಯೊಳಗೆ ಕಟ್ಟುತ್ತಾ ಇದ್ದಾರೆ. ಈಗ ನಮ್ಮಲ್ಲಿ ಪಿಯುಸಿ ಓದುವ ಮಕ್ಕಳು ಪಿಎಚ್‌ಡಿಗೆ ಸೇರುವ ಹೊತ್ತಿಗೆ ಆ ಡೇಟಾ ಅವರ ಕೈಗೆ ಬರ್ಬಹುದು.